ದೂರವನ್ನು ಎಲ್ಲಿಂದ ಅಳೆಯಬೇಕು? – ಗುರುತ್ವಾಕರ್ಷಣ ನಿಯಮದ ಪಾಠವನ್ನು ಮತ್ತೆ ಮಾಡಿದ ಅನುಭವ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ನನಗೆ ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಗುರುತ್ವಾಕರ್ಷಣೆ’ ಘಟಕ ಹಂಚಿಕೆಯಾಗಿತ್ತು. ಗುರುತ್ವಾಕರ್ಷಣ ಬಲವು ವಸ್ತುಗಳ ರಾಶಿಯನ್ನೂ ಅವುಗಳ ನಡುವಿನ ದೂರವನ್ನೂ ಹೇಗೆ ಅವಲಂಬಿಸಿದೆ ಎಂಬ ಕಲಿಕಾಂಶವನ್ನು ಒಂದೇ ಅವಧಿಯಲ್ಲಿ ಮುಗಿಸಬಹುದೆಂದು ಪಾಠಯೋಜನೆ ಬರೆದೆ. ಪಾಠವೂ ಯೋಜನೆಯಂತೆಯೇ ನಡೆಯಿತು. ಆದರೆ ಕೊನೆಯ ಐದು ನಿಮಿಷದಲ್ಲಿ ಮಕ್ಕಳಿಗೆ ಒಂದು ತಪ್ಪು ಉತ್ತರ ಕೊಟ್ಟೆ. ಅದನ್ನು ಸರಿಪಡಿಸಲು ಹೊರಟಾಗ ಇಡೀ ಪಾಠವನ್ನೇ ಮತ್ತೆ ಕಟ್ಟಬೇಕಾಯಿತು. ಆ ತಪ್ಪು ಏಕಾಯಿತು, ಎರಡನೆಯ ಪಾಠವನ್ನು ಹೇಗೆ ರೂಪಿಸಿದೆ, ಅದರಲ್ಲಿ ಏನು ಫಲಿಸಿತು ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ಮೊದಲ ಪಾಠ: ಎಲ್ಲಿ ತಪ್ಪಿತು?

ಮೊದಲ ದಿನ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದು ಓದಿಸಿದೆ: ಯಾವುದೇ ಎರಡು ವಸ್ತುಗಳ ನಡುವಿನ ಆಕರ್ಷಣ ಬಲವು ಅವುಗಳ ರಾಶಿಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲಿಯೂ, ಅವುಗಳ ನಡುವಿನ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ನಂತರ ಸೂತ್ರ, ಏಕಮಾನ, ಒಂದು ಲೆಕ್ಕ. ಪ್ರಶ್ನೆ ಕೇಳಿದಾಗ ಹೆಚ್ಚಿನ ಮಕ್ಕಳು ತಡವರಿಸದೆ ಉತ್ತರಿಸಿದರು. ಪಾಠ ಗೆದ್ದಿತು ಎಂದುಕೊಂಡೆ.

ಆಗ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮಿಸ್, ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲ್ತಾ ಇದ್ರಲ್ಲ, ಅಲ್ಲಿ ಗುರುತ್ವ ಎಷ್ಟಿರುತ್ತೆ?” 2025ರ ಜೂನ್ ಮತ್ತು ಜುಲೈಯಲ್ಲಿ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗಿನ ವಿಡಿಯೋಗಳನ್ನು ತರಗತಿಯ ಬಹುತೇಕ ಮಕ್ಕಳು ನೋಡಿದ್ದರು. ನಾನು ಹಿಂದೆಮುಂದೆ ನೋಡದೆ, “ನಿಲ್ದಾಣ 400 ಕಿ.ಮೀ. ಮೇಲಿದೆ. ದೂರ ಹೆಚ್ಚಾದರೆ ಬಲ ಕಡಿಮೆಯಾಗುತ್ತದೆ ಅಲ್ಲವೇ? ಅಷ್ಟು ಮೇಲೆ ಗುರುತ್ವ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ತೇಲುತ್ತಾರೆ” ಎಂದೆ. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘400 ಕಿ.ಮೀ. – ಎಲ್ಲಿಂದ ಅಳೆದಿರಿ?’ ಅಂದು ಸಂಜೆ ಕುಳಿತು ಲೆಕ್ಕ ಮಾಡಿದೆ. ಸೂತ್ರದಲ್ಲಿರುವ ದೂರ ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ. ನೆಲದ ಮೇಲೆ ನಿಂತವರು ಭೂಮಿಯ ಕೇಂದ್ರದಿಂದ ಆಗಲೇ ಸುಮಾರು 6,400 ಕಿ.ಮೀ. ದೂರದಲ್ಲಿದ್ದಾರೆ. ನಿಲ್ದಾಣದಲ್ಲಿರುವವರು 6,800 ಕಿ.ಮೀ. ದೂರದಲ್ಲಿದ್ದಾರೆ. 6,400ನ್ನು 6,800ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 0.89. ಅಂದರೆ ನಿಲ್ದಾಣದ ಎತ್ತರದಲ್ಲಿ ಗುರುತ್ವಾಕರ್ಷಣೆ ನೆಲದ ಮೇಲಿರುವುದರ ನೂರಕ್ಕೆ 89 ಪಾಲು ಇದ್ದೇ ಇದೆ. ನಾನು ಹೇಳಿದ್ದು ಪೂರ್ತಿ ತಪ್ಪು. ನಾನು ಅಂದೇ ಕಲಿಸಿದ ಸೂತ್ರವೇ ಅದನ್ನು ತಪ್ಪೆಂದು ಹೇಳುತ್ತಿತ್ತು.

ತಪ್ಪಿನ ಹಿಂದಿನ ಕಲ್ಪನೆಗಳು

ಮರುದಿನ ಪಾಠಕ್ಕೆ ಮೊದಲು ಮಕ್ಕಳಿಂದ ಒಂದು ಚೀಟಿಯಲ್ಲಿ ಬರೆಸಿದೆ: ‘ಭೂಮಿಯಿಂದ ಮೇಲೆ ಮೇಲೆ ಹೋದಂತೆ ಗುರುತ್ವ ಏನಾಗುತ್ತದೆ? ಏಕೆ?’ ಚೀಟಿಗಳನ್ನು ಓದಿದಾಗ ಮೂರು ಕಲ್ಪನೆಗಳು ಮತ್ತೆ ಮತ್ತೆ ಕಂಡವು.

1. ಗಾಳಿ ಇರುವವರೆಗೆ ಗುರುತ್ವ. ಗಾಳಿ ಮುಗಿದಲ್ಲಿ ಗುರುತ್ವವೂ ಮುಗಿಯುತ್ತದೆ.
2. ದೂರವೆಂದರೆ ನೆಲದಿಂದ ಇರುವ ಎತ್ತರ.
3. ದೊಡ್ಡ ವಸ್ತು ಎಳೆಯುತ್ತದೆ, ಸಣ್ಣ ವಸ್ತು ಎಳೆಸಿಕೊಳ್ಳುತ್ತದೆ.

ಎರಡನೆಯ ಕಲ್ಪನೆ ನನ್ನದೂ ಆಗಿತ್ತು. ಸೂತ್ರವನ್ನು ಸರಿಯಾಗಿ ಹೇಳಬಲ್ಲ ವಿದ್ಯಾರ್ಥಿಯಲ್ಲೂ ಶಿಕ್ಷಕರಲ್ಲೂ ಈ ಕಲ್ಪನೆಗಳು ಅಲುಗದೆ ಉಳಿಯಬಲ್ಲವು. ಆದ್ದರಿಂದ ಎರಡನೆಯ ಪಾಠದಲ್ಲಿ ಸೂತ್ರವನ್ನು ಕೊನೆಗಿಟ್ಟು, ಅದರ ಒಂದೊಂದು ಭಾಗವನ್ನೂ ಮೊದಲು ಕೈಯಿಂದ ಮಾಡಿಸಲು ನಿರ್ಧರಿಸಿದೆ.

ಮರುಯೋಜಿಸಿದ ಪಾಠ

ಕಲಿಕಾ ಉದ್ದೇಶಗಳು: ವಿದ್ಯಾರ್ಥಿಗಳು (ಅ) ಬಲವು ರಾಶಿಗಳ ಮೊತ್ತವನ್ನಲ್ಲ, ಗುಣಲಬ್ಧವನ್ನು ಏಕೆ ಅವಲಂಬಿಸಿದೆ ಎಂದು ವಿವರಿಸುವರು, (ಆ) ದೂರವನ್ನು ಕೇಂದ್ರದಿಂದ ಅಳೆದು ಬಲದ ಬದಲಾವಣೆಯನ್ನು ಲೆಕ್ಕ ಹಾಕುವರು, (ಇ) ರಾಶಿ ಮತ್ತು ದೂರ ಎರಡೂ ಬದಲಾಗುವ ಸಂದರ್ಭವನ್ನು ವಿಶ್ಲೇಷಿಸುವರು.

ಬೋಧನೋಪಕರಣಗಳು: ದಾರ, ರಟ್ಟು, ಗ್ರಾಫ್ ಹಾಳೆ, ಮೊಬೈಲ್ ಟಾರ್ಚ್, ಅಳತೆ ಟೇಪು, ಸೀಮೆಸುಣ್ಣ, ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿ.

ಅವಧಿ: ತಲಾ 40 ನಿಮಿಷದ ಎರಡು ಅವಧಿಗಳು.

*ಹಂತ 1: ತಪ್ಪನ್ನು ಒಪ್ಪಿಕೊಳ್ಳುವುದು*

“ನಿನ್ನೆ ನಾನು ಹೇಳಿದ ಒಂದು ಉತ್ತರ ತಪ್ಪು. ಯಾವುದು ಎಂದು ಈಗ ಹೇಳುವುದಿಲ್ಲ. ಪಾಠ ಮುಗಿಯುವ ಹೊತ್ತಿಗೆ ನೀವೇ ಹುಡುಕಿ” ಎಂದು ಆರಂಭಿಸಿದೆ. ಹೀಗೆ ಹೇಳಿದರೆ ಮಕ್ಕಳು ಹಗುರವಾಗಿ ಕಾಣಬಹುದೆಂಬ ಅಳುಕು ಇತ್ತು. ಆದರೆ ಅಂದಿನಷ್ಟು ಗಮನವಿಟ್ಟು ಅವರು ಯಾವ ಪಾಠವನ್ನೂ ಕೇಳಿರಲಿಲ್ಲ.

*ಹಂತ 2: ರಾಶಿ – ದಾರದ ಚಟುವಟಿಕೆ*

ಎಡಗಡೆ ಇಬ್ಬರು, ಬಲಗಡೆ ಮೂವರು ವಿದ್ಯಾರ್ಥಿಗಳನ್ನು ನಿಲ್ಲಿಸಿದೆ. ಒಬ್ಬೊಬ್ಬರೂ ಒಂದು ಕಿಲೋಗ್ರಾಂ ರಾಶಿ ಎಂದು ಭಾವಿಸಬೇಕು. ಎಡಗಡೆಯ ಪ್ರತಿಯೊಬ್ಬರೂ ಬಲಗಡೆಯ ಪ್ರತಿಯೊಬ್ಬರನ್ನೂ ಎಳೆಯುತ್ತಾರೆ. ಆದ್ದರಿಂದ ಪ್ರತಿ ಜೋಡಿಯ ನಡುವೆ ಒಂದು ದಾರ. ಎಣಿಸಿದಾಗ ಆರು ದಾರ. ಎಡಗಡೆಗೆ ಇನ್ನೊಬ್ಬನನ್ನು ಸೇರಿಸಿದಾಗ ದಾರಗಳು ಒಂಬತ್ತಾದವು. ಒಟ್ಟು ಮಕ್ಕಳು ಐದರಿಂದ ಆರಾದರೂ ದಾರಗಳು ಆರರಿಂದ ಒಂಬತ್ತಾದದ್ದು ಏಕೆ ಎಂದು ಕೇಳಿದೆ. “ಕೂಡಬಾರದು, ಗುಣಿಸಬೇಕು ಮಿಸ್” ಎಂಬ ಉತ್ತರ ಅವರಿಂದಲೇ ಬಂತು.

ಇದೇ ದಾರಗಳಿಂದ ಮೂರನೆಯ ತಪ್ಪು ಕಲ್ಪನೆಯನ್ನೂ ಮುಟ್ಟಬಹುದು. ಒಂದು ದಾರಕ್ಕೆ ಎರಡು ತುದಿ. ಎಳೆತ ಎರಡೂ ತುದಿಯಲ್ಲಿ ಒಂದೇ. ಒಂದು ಕಿಲೋಗ್ರಾಂ ಕಲ್ಲನ್ನು ಭೂಮಿ 9.8 ನ್ಯೂಟನ್ ಬಲದಿಂದ ಎಳೆದರೆ, ಕಲ್ಲೂ ಭೂಮಿಯನ್ನು ಅಷ್ಟೇ 9.8 ನ್ಯೂಟನ್ ಬಲದಿಂದ ಎಳೆಯುತ್ತದೆ. ಬಲ ಒಂದೇ ಆದರೂ ಭೂಮಿಯ ರಾಶಿ ಅಗಾಧವಾದ್ದರಿಂದ ಅದರ ಚಲನೆ ಕಾಣುವುದಿಲ್ಲ.

“ಹಾಗಾದರೆ ಬೆಂಚಿನಲ್ಲಿ ಅಕ್ಕಪಕ್ಕ ಕೂತವರು ಒಬ್ಬರನ್ನೊಬ್ಬರು ಎಳೆಯಬೇಕಲ್ಲ?” ಎಂದು ಒಬ್ಬ ಕೇಳಿದ. ತಲಾ 40 ಕಿಲೋಗ್ರಾಂ ರಾಶಿಯ ಇಬ್ಬರು ಒಂದು ಮೀಟರ್ ಅಂತರದಲ್ಲಿದ್ದಾರೆ ಎಂದುಕೊಂಡು, ನಿಯತಾಂಕದ ಬೆಲೆ ಕೊಟ್ಟು ಲೆಕ್ಕ ಮಾಡಿಸಿದೆ. ಬಲ ಒಂದು ನ್ಯೂಟನ್‌ನ ಕೋಟಿಯಲ್ಲೊಂದು ಪಾಲಿನಷ್ಟು, ಅಂದರೆ ಒಂದು ಗ್ರಾಂನ ಲಕ್ಷದಲ್ಲೊಂದು ಭಾಗದ ತೂಕದಷ್ಟು. ಇಷ್ಟು ಅಲ್ಪ ಬಲವನ್ನೂ ಅಳೆಯಬಹುದು. 1798ರಲ್ಲಿ ಹೆನ್ರಿ ಕ್ಯಾವೆಂಡಿಶ್ ತಲಾ ಸುಮಾರು 158 ಕಿಲೋಗ್ರಾಂ ತೂಗುವ ಸೀಸದ ಗುಂಡುಗಳು ತೂಗುದಂಡದ ತುದಿಯಲ್ಲಿದ್ದ ಸಣ್ಣ ಗುಂಡುಗಳನ್ನು ಎಳೆಯುವುದನ್ನು ಅಳೆದು, ಭೂಮಿಯ ಸರಾಸರಿ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂದು ಕಂಡುಹಿಡಿದರು.

*ಹಂತ 3: ದೂರದ ವರ್ಗ – ಬೆಳಕಿನ ಚೌಕ*

ದೂರ ಎರಡು ಪಟ್ಟಾದರೆ ಬಲ ಅರ್ಧವಾಗದೆ ಕಾಲು ಭಾಗವಾಗುವುದೇಕೆ? ರಟ್ಟಿನಲ್ಲಿ 2 ಸೆಂ.ಮೀ. ಚೌಕದ ತೂತು ಕತ್ತರಿಸಿ, ಮೊಬೈಲ್ ಟಾರ್ಚ್‌ನಿಂದ 20 ಸೆಂ.ಮೀ. ದೂರದಲ್ಲಿ ನಿಲ್ಲಿಸಿದೆವು. ಟಾರ್ಚ್‌ನಿಂದ 40 ಸೆಂ.ಮೀ. ದೂರದಲ್ಲಿ ಗ್ರಾಫ್ ಹಾಳೆ ಹಿಡಿದಾಗ ಬೆಳಕಿನ ಚೌಕ 4 ಸೆಂ.ಮೀ. ಬದಿಯದಾಯಿತು, ಅಂದರೆ ತೂತಿನ ನಾಲ್ಕು ಪಟ್ಟು ವಿಸ್ತೀರ್ಣ. 60 ಸೆಂ.ಮೀ.ಗೆ ಹೋದಾಗ 6 ಸೆಂ.ಮೀ. ಬದಿ, ಒಂಬತ್ತು ಪಟ್ಟು ವಿಸ್ತೀರ್ಣ. ಅದೇ ಬೆಳಕು ನಾಲ್ಕು ಪಟ್ಟು, ಒಂಬತ್ತು ಪಟ್ಟು ಜಾಗಕ್ಕೆ ಹಂಚಿಹೋದರೆ ಒಂದೊಂದು ಚೌಕಕ್ಕೆ ಸಿಗುವುದು ಕಾಲು ಭಾಗ, ಒಂಬತ್ತರಲ್ಲೊಂದು ಭಾಗ. ಗುರುತ್ವ ಬೆಳಕಲ್ಲ, ಇದು ಹೋಲಿಕೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಆದರೆ ‘ವರ್ಗ’ ಎಂಬ ಪದ ಎಲ್ಲಿಂದ ಬಂತು ಎಂಬುದು ಕಣ್ಣಿಗೆ ಕಾಣುತ್ತದೆ.

ತರಗತಿಯ ಕಿಟಕಿಗಳಿಗೆ ಪರದೆ ಇರದ ಕಾರಣ ಈ ಚಟುವಟಿಕೆಯನ್ನು ಪ್ರಯೋಗ ಸಾಮಗ್ರಿ ಇಡುವ ಕೋಣೆಯಲ್ಲಿ ಗುಂಪು ಗುಂಪಾಗಿ ಮಾಡಿಸಬೇಕಾಯಿತು. ಅಲ್ಲಿ ಒಂದು ಗುಂಪಿಗೆ 40 ಸೆಂ.ಮೀ.ನಲ್ಲಿ ನಾಲ್ಕು ಪಟ್ಟು ಬದಲು ಒಂಬತ್ತು ಪಟ್ಟು ಬಂತು. ಪರೀಕ್ಷಿಸಿದಾಗ ಅವರು 40 ಸೆಂ.ಮೀ. ಅನ್ನು ಟಾರ್ಚ್‌ನಿಂದ ಅಳೆಯದೆ ರಟ್ಟಿನಿಂದ ಅಳೆದಿದ್ದರು. ಟಾರ್ಚ್‌ನಿಂದ ಲೆಕ್ಕ ಹಾಕಿದರೆ ಅದು 60 ಸೆಂ.ಮೀ. ನನ್ನ ತಪ್ಪೂ ಇದೇ ಜಾತಿಯದು: ಆರಂಭದ ಬಿಂದುವನ್ನು ಬಿಟ್ಟು ನಡುವಿನ ಒಂದು ಜಾಗದಿಂದ ಅಳೆದದ್ದು. ಆ ಗುಂಪಿನ ಫಲಿತಾಂಶವನ್ನು ಅಳಿಸಿಹಾಕದೆ, ಕಪ್ಪುಹಲಗೆಯ ಮೂಲೆಯಲ್ಲಿ ಹಾಗೆಯೇ ಉಳಿಸಿಕೊಂಡೆ.

*ಹಂತ 4: ಮೈದಾನದಲ್ಲಿ ಭೂಮಿ*

ಎರಡನೆಯ ಅವಧಿಯನ್ನು ಮೈದಾನದಲ್ಲಿ ಮಾಡಿದೆ. ಅಳತೆ: 1 ಸೆಂ.ಮೀ.ಗೆ 100 ಕಿ.ಮೀ. ಒಂದು ಗೂಟಕ್ಕೆ 64 ಸೆಂ.ಮೀ. ದಾರ ಕಟ್ಟಿ ವೃತ್ತ ಎಳೆದೆವು; ಅದು ಭೂಮಿ. ಗೂಟವೇ ಕೇಂದ್ರ. ಮುಳ್ಳಯ್ಯನಗಿರಿ ಎಷ್ಟು ಎತ್ತರ ಬರಬೇಕು? ಸುಮಾರು 1,930 ಮೀಟರ್ ಎಂದರೆ ಈ ಅಳತೆಯಲ್ಲಿ 0.2 ಮಿ.ಮೀ. ಎವರೆಸ್ಟ್ ಕೂಡ ಒಂದು ಮಿ.ಮೀ. ದಾಟುವುದಿಲ್ಲ, ನಾವು ಎಳೆದ ಗೆರೆಯ ದಪ್ಪದಲ್ಲೇ ಮುಳುಗಿಹೋಗುತ್ತದೆ. ಈಗ ಬಾಹ್ಯಾಕಾಶ ನಿಲ್ದಾಣವನ್ನು ಗುರುತಿಸಿ ಎಂದೆ. ಹೆಚ್ಚಿನವರು ಎರಡು ಮೂರು ಮಾರು ದೂರ ಓಡಿದರು. ಲೆಕ್ಕ ಮಾಡಿದಾಗ ವೃತ್ತದ ಗೆರೆಯಿಂದ ಬರೀ 4 ಸೆಂ.ಮೀ. ಅಲ್ಲಿ ಒಂದು ಕಲ್ಲಿಟ್ಟು ಸುತ್ತ ನಿಂತ ಮಕ್ಕಳು ಕೆಲಹೊತ್ತು ಮಾತಾಡಲಿಲ್ಲ. ಚಂದ್ರನಿಗಾಗಿ 38 ಮೀಟರ್‌ಗಿಂತ ತುಸು ಹೆಚ್ಚು ಅಳೆಯುತ್ತಾ ಹೋದಾಗ ಮೈದಾನದ ಅಂಚು ಬಂತು.

ಆಮೇಲೆ ಕೆಳಗಿನ ಕೋಷ್ಟಕವನ್ನು ಮಕ್ಕಳೇ ತುಂಬಿದರು. ಕೊನೆಯ ಕಂಬಸಾಲು 40 ಕಿಲೋಗ್ರಾಂ ರಾಶಿಯ ವಿದ್ಯಾರ್ಥಿಯನ್ನು ಭೂಮಿ ಎಳೆಯುವ ಬಲ.

| ಸ್ಥಳ | ಕೇಂದ್ರದಿಂದ ದೂರ (ಕಿ.ಮೀ.) | ತ್ರಿಜ್ಯದ ಎಷ್ಟು ಪಟ್ಟು | ಬಲದ ಪಾಲು | ಬಲ (ನ್ಯೂಟನ್) |
|---|---|---|---|---|
| ಭೂಮಿಯ ಮೇಲ್ಮೈ | 6,400 | 1 | 1 | 392 |
| ಬಾಹ್ಯಾಕಾಶ ನಿಲ್ದಾಣ | 6,800 | 1.06 | 0.89 | ಸುಮಾರು 347 |
| ನೆಲದಿಂದ 6,400 ಕಿ.ಮೀ. ಮೇಲೆ | 12,800 | 2 | 1/4 | 98 |
| ನೆಲದಿಂದ 12,800 ಕಿ.ಮೀ. ಮೇಲೆ | 19,200 | 3 | 1/9 | ಸುಮಾರು 44 |
| ಭೂಸ್ಥಿರ ಉಪಗ್ರಹ | ಸುಮಾರು 42,400 | 6.6 | 1/44 | ಸುಮಾರು 9 |
| ಚಂದ್ರನಷ್ಟು ದೂರ | 3,84,000 | 60 | 1/3,600 | ಸುಮಾರು 0.11 |

ಕೋಷ್ಟಕ ತುಂಬಿಸುವಾಗ ಶಿಕ್ಷಕರು ಒಂದು ವಿಷಯದಲ್ಲಿ ಎಚ್ಚರವಹಿಸಬೇಕು. ಪುಸ್ತಕಗಳಲ್ಲಿ ಉಪಗ್ರಹಗಳ ಎತ್ತರವನ್ನು ಸಾಮಾನ್ಯವಾಗಿ ನೆಲದಿಂದ ಕೊಟ್ಟಿರುತ್ತಾರೆ. ಚಂದ್ರನ ದೂರವನ್ನು ಕೇಂದ್ರದಿಂದ ಕೇಂದ್ರಕ್ಕೆ ಕೊಟ್ಟಿರುತ್ತಾರೆ. ಹಾಸನದ ಇಸ್ರೋ ಕೇಂದ್ರದಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ ಎಂದು ಓದಿದರೆ, ಅದಕ್ಕೆ 6,400 ಕೂಡಿಸಬೇಕು. ಚಂದ್ರನಿಗೆ ಕೂಡಿಸಬಾರದು.

*ಹಂತ 5: ತಪ್ಪು ಸಿಕ್ಕಿತು*

ಕೋಷ್ಟಕದ ಎರಡನೆಯ ಸಾಲು ತುಂಬಿದ ಕೂಡಲೇ ಪ್ರಶ್ನೆ ಕೇಳಿದ್ದ ಆ ಹುಡುಗಿಯೇ ಎದ್ದಳು: “ಮಿಸ್, 347 ಇದೆ. ಗುರುತ್ವ ಇದೆ. ಹಾಗಾದ್ರೆ ಯಾಕೆ ತೇಲ್ತಾರೆ?” ಮೊದಲ ದಿನದ ಪ್ರಶ್ನೆಗಿಂತ ಇದು ಒಳ್ಳೆಯ ಪ್ರಶ್ನೆ.

ತೂತು ಮಾಡಿದ ಬಾಟಲಿಗೆ ನೀರು ತುಂಬಿ ಹಿಡಿದಾಗ ನೀರು ಚಿಮ್ಮುತ್ತಿತ್ತು. ಎತ್ತರದಿಂದ ಕೈಬಿಟ್ಟಾಗ, ಬೀಳುವಷ್ಟು ಹೊತ್ತು ಚಿಮ್ಮುವುದು ನಿಂತಿತು. ಬಾಟಲಿಯೂ ನೀರೂ ಒಟ್ಟಿಗೆ ಬೀಳುತ್ತಿರುವಾಗ ನೀರು ಬಾಟಲಿಯನ್ನು ಒತ್ತುವುದಿಲ್ಲ. ನಿಲ್ದಾಣದಲ್ಲೂ ಹೀಗೆಯೇ: ನಿಲ್ದಾಣ, ಅದರೊಳಗಿನ ಜನ, ಪೆನ್ನು, ನೀರಿನ ಹನಿ ಎಲ್ಲವೂ ಒಟ್ಟಿಗೆ ಬೀಳುತ್ತಿವೆ. ಆದ್ದರಿಂದ ಯಾರೂ ನೆಲವನ್ನು ಒತ್ತುವುದಿಲ್ಲ. ಹಾಗಾದರೆ ಭೂಮಿಗೆ ಬಂದು ಅಪ್ಪಳಿಸುವುದಿಲ್ಲವೇಕೆ? ನಿಲ್ದಾಣ ಒಂದು ಸೆಕೆಂಡಿನಲ್ಲಿ ಸುಮಾರು 4.3 ಮೀಟರ್ ಕೆಳಗೆ ಬೀಳುತ್ತದೆ. ಅಷ್ಟರಲ್ಲಿ ಸುಮಾರು 7.7 ಕಿ.ಮೀ. ಮುಂದಕ್ಕೂ ಹೋಗಿರುತ್ತದೆ. ಅಷ್ಟು ದೂರಕ್ಕೆ ಭೂಮಿಯ ಮೇಲ್ಮೈಯೂ ಹೆಚ್ಚು ಕಡಿಮೆ ಅಷ್ಟೇ ಕೆಳಕ್ಕೆ ಬಾಗಿರುತ್ತದೆ. ಆದ್ದರಿಂದ ಬೀಳುತ್ತಲೇ ಇದ್ದರೂ ಎತ್ತರ ಕಡಿಮೆಯಾಗುವುದಿಲ್ಲ. ಗುರುತ್ವ ಇಲ್ಲದೇ ಹೋಗಿದ್ದರೆ ನಿಲ್ದಾಣ ನೇರ ಗೆರೆಯಲ್ಲಿ ದೂರ ಹೋಗಿಬಿಡುತ್ತಿತ್ತು.

ಮೊದಲ ದಿನ ಬರೆದುಕೊಂಡ ಸಾಲನ್ನು ಅಳಿಸಬೇಡಿ, ಅಡ್ಡಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಿರಿ ಎಂದೆ.

*ಹಂತ 6: ಚಂದ್ರನ ಸಾಕ್ಷಿ*

1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ನ್ಯೂಟನ್ ಈ ನಿಯಮಕ್ಕೆ ಚಂದ್ರನನ್ನೇ ಸಾಕ್ಷಿಯಾಗಿ ತಂದರು. ಚಂದ್ರ 60 ಪಟ್ಟು ದೂರದಲ್ಲಿದ್ದರೆ ಅಲ್ಲಿ ವೇಗೋತ್ಕರ್ಷ 9.8ರ 3,600ರಲ್ಲೊಂದು ಪಾಲು, ಅಂದರೆ ಸುಮಾರು 0.0027 ಇರಬೇಕು. ಚಂದ್ರನ ದೂರ ಮತ್ತು ಅದು ಒಂದು ಸುತ್ತು ಬರಲು ತೆಗೆದುಕೊಳ್ಳುವ 27.3 ದಿನಗಳಿಂದ ಬೇರೆಯಾಗಿ ಲೆಕ್ಕ ಹಾಕಿದರೂ ಬರುವುದು ಅದೇ 0.0027. ನಮ್ಮ ಕೈಯಿಂದ ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರ ತನ್ನ ನೇರ ದಾರಿಯಿಂದ ಭೂಮಿಯ ಕಡೆಗೆ ಅಷ್ಟೇ ಬೀಳಲು ಒಂದು ನಿಮಿಷ ಬೇಕು. ಗೋಳಾಕಾರದ ಭೂಮಿ ತನ್ನ ಇಡೀ ರಾಶಿ ಕೇಂದ್ರದಲ್ಲಿರುವಂತೆ ಹೊರಗಿನ ವಸ್ತುಗಳನ್ನು ಎಳೆಯುತ್ತದೆ ಎಂಬುದನ್ನೂ ಅವರು ಅದೇ ಗ್ರಂಥದಲ್ಲಿ ಸಾಧಿಸಿ ತೋರಿಸಿದರು. ನಮ್ಮ ಗೂಟದ ಹಿಂದಿನ ಆಧಾರ ಅದೇ.

ಈ ಹಂತದಲ್ಲಿ ‘ಕೇಂದ್ರಕ್ಕೇ ಹೋದರೆ ದೂರ ಸೊನ್ನೆ, ಬಲ ಅನಂತವೇ?’ ಎಂಬ ಪ್ರಶ್ನೆ ಬರುವುದು ಖಚಿತ, ನನಗೂ ಬಂತು. ಭೂಮಿಯ ಒಳಗೆ ಹೋದಾಗ ರಾಶಿ ನಮ್ಮ ಸುತ್ತಲೂ ಇರುತ್ತದೆ. ಕೇಂದ್ರದಲ್ಲಿ ಎಲ್ಲ ಕಡೆಯ ಎಳೆತಗಳೂ ಒಂದನ್ನೊಂದು ರದ್ದು ಮಾಡುವುದರಿಂದ ಒಟ್ಟು ಬಲ ಸೊನ್ನೆ. ಕೇಂದ್ರದಿಂದ ಅಳೆಯುವ ಈ ಲೆಕ್ಕ ಭೂಮಿಯ ಮೇಲ್ಮೈ ಮತ್ತು ಅದರ ಹೊರಗಿಗೆ ಮಾತ್ರ ಎಂದು ಹೇಳಿದರೆ ಸಾಕು.

ಮೌಲ್ಯಮಾಪನ

ಸೂತ್ರ ಹೇಳಿಸುವ ಪ್ರಶ್ನೆಗಳನ್ನು ಬಿಟ್ಟು ಈ ನಾಲ್ಕನ್ನು ಕೊಟ್ಟೆ.

1. ಎರಡೂ ವಸ್ತುಗಳ ರಾಶಿ ಇಮ್ಮಡಿಯಾಗಿ, ದೂರವೂ ಇಮ್ಮಡಿಯಾದರೆ ಬಲ ಏನಾಗುತ್ತದೆ? (ಬದಲಾಗುವುದಿಲ್ಲ: ನಾಲ್ಕು ಪಟ್ಟು ಹೆಚ್ಚಿ, ನಾಲ್ಕು ಪಟ್ಟು ಇಳಿಯುತ್ತದೆ.)
2. ನೆಲದಿಂದ ಎಷ್ಟು ಎತ್ತರ ಹೋದರೆ ತೂಕ ಕಾಲು ಭಾಗವಾಗುತ್ತದೆ? (6,400 ಕಿ.ಮೀ.)
3. ಚಂದ್ರನ ರಾಶಿ ಭೂಮಿಯ 81ರಲ್ಲೊಂದು ಪಾಲು. ಆದರೂ ಅಲ್ಲಿ ನಮ್ಮ ತೂಕ 81ರಲ್ಲೊಂದು ಪಾಲಾಗದೆ ಆರರಲ್ಲೊಂದು ಪಾಲಾಗುವುದೇಕೆ? (ಚಂದ್ರನ ತ್ರಿಜ್ಯ ಸುಮಾರು 1,740 ಕಿ.ಮೀ.; ಅದರ ಮೇಲೆ ನಿಂತವರು ಕೇಂದ್ರಕ್ಕೆ 3.68 ಪಟ್ಟು ಹತ್ತಿರ. ಇದರ ವರ್ಗ ಸುಮಾರು 13.5. 13.5ನ್ನು 81ರಿಂದ ಭಾಗಿಸಿದರೆ ಆರರಲ್ಲೊಂದು.)
4. ಯುರೇನಸ್‌ನ ರಾಶಿ ಭೂಮಿಯ ಸುಮಾರು 14.5 ಪಟ್ಟು, ತ್ರಿಜ್ಯ ಸುಮಾರು 4 ಪಟ್ಟು. ಅದರ ಮೇಲ್ಮೈಯಲ್ಲಿ ಗುರುತ್ವ ನಮ್ಮದಕ್ಕಿಂತ ಹೆಚ್ಚೋ ಕಡಿಮೆಯೋ? (14.5ನ್ನು 16ರಿಂದ ಭಾಗಿಸಿದರೆ ಸುಮಾರು 0.9, ತುಸು ಕಡಿಮೆ.)

ಮೊದಲೆರಡು ಪ್ರಶ್ನೆಗಳನ್ನು ಹೆಚ್ಚಿನವರು ಬಿಡಿಸಿದರು. ಮೂರನೆಯದಕ್ಕೆ ಗುಂಪು ಚರ್ಚೆ ಬೇಕಾಯಿತು. ನಾಲ್ಕನೆಯದು ಹೆಚ್ಚು ಕೆಲಸಕ್ಕೆ ಬಂತು. ‘ದೊಡ್ಡ ಗ್ರಹ, ಆದ್ದರಿಂದ ಹೆಚ್ಚು’ ಎಂದು ಥಟ್ಟನೆ ಬರೆದವರು ಲೆಕ್ಕ ಮಾಡಿ ತಾವೇ ತಿದ್ದಿಕೊಂಡರು. ರಾಶಿ ಒಂದನ್ನೇ ನೋಡಿ ತೀರ್ಮಾನಿಸಬಾರದು ಎಂಬುದು ಅಲ್ಲಿ ಅವರಿಗೆ ಹಿಡಿಸಿತು.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು

ಈ ಕಲಿಕಾಂಶಕ್ಕೆ ಒಂದು ಅವಧಿ ಸಾಲದು. ಎರಡನ್ನು ಮೊದಲೇ ಕೇಳಿ ಪಡೆಯಿರಿ. ಬೆಳಕಿನ ಚಟುವಟಿಕೆಗೆ ಕತ್ತಲ ಕೋಣೆ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಮೈದಾನದ ಅಳತೆಯನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು, ಆದರೆ ನಿಲ್ದಾಣ ಮತ್ತು ಚಂದ್ರ ಎರಡೂ ಒಂದೇ ಅಳತೆಯಲ್ಲಿ ಬರಲಿ.

ಪ್ರತಿ ಲೆಕ್ಕದಲ್ಲೂ ಸಂಖ್ಯೆಗಳನ್ನು ಸೂತ್ರಕ್ಕೆ ಹಾಕುವ ಮೊದಲು ‘ದೂರವನ್ನು ಎಲ್ಲಿಂದ ಅಳೆದಿರಿ?’ ಎಂಬ ಪ್ರಶ್ನೆಯನ್ನು ಕೇಳುವ ರೂಢಿ ಮಾಡಿಕೊಂಡಿದ್ದೇನೆ. ಮಕ್ಕಳಿಗಿಂತ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ.

ತರಗತಿಯಲ್ಲಿ ತಿಳಿಯದ ಪ್ರಶ್ನೆ ಬಂದಾಗ ‘ನಾಳೆ ನೋಡಿ ಹೇಳುತ್ತೇನೆ’ ಎನ್ನಲು ನಾವು ಅಂಜುತ್ತೇವೆ. ವೀಕ್ಷಕರು ಹಿಂದೆ ಕುಳಿತಿದ್ದರಂತೂ ಆ ಅಂಜಿಕೆ ಇಮ್ಮಡಿ. ನಾನು ತಪ್ಪು ಉತ್ತರ ಕೊಟ್ಟದ್ದು ತಿಳಿಯದ್ದರಿಂದ ಮಾತ್ರವಲ್ಲ, ತಿಳಿಯದೆಂದು ಕಾಣಿಸಿಕೊಳ್ಳಬಾರದೆಂಬ ಅವಸರದಿಂದ. ಘಟಕ ಮುಗಿದ ದಿನ ನೋಟ್‌ಬುಕ್ಕುಗಳನ್ನು ತಿದ್ದುವಾಗ ಆ ಹುಡುಗಿಯ ಪುಟ ಸಿಕ್ಕಿತು. ನನ್ನ ಹಳೆಯ ಉತ್ತರದ ಮೇಲೆ ಅಡ್ಡಗೆರೆ ಇತ್ತು. ಪಕ್ಕದಲ್ಲಿ ಅವಳು ಬರೆದಿದ್ದಳು: ‘ನೆಲದಿಂದ ಅಳೆದಿದ್ದೆವು. ಕೇಂದ್ರದಿಂದ ಅಳೆಯಬೇಕು.’ ‘ಮಿಸ್ ಅಳೆದಿದ್ದರು’ ಎಂದು ಅವಳು ಬರೆಯಬಹುದಿತ್ತು.